ಅರ್ಧ ಬೆರಳು ಜಾರಿದ ಬಕಲ್

ಹಾಗಂತ ಗೆರೆ ಅಕ್ಕ ಹುಟ್ಟಾ ಸಿಡುಕಿ ಅಂತ ಮಾತ್ರ ತಿಳಿಯಬೇಡಿ. ಸಿಡುಕು ಹತ್ತಿಕೊಂಡಿದ್ದು ಬಂದರಿಗೆ ಬಂದಮೇಲೆ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಪಟ್ಟಿ ನೇಯುವ ಕಾರ್ಖಾನೆಯಲ್ಲಿದ್ದಾಗ ಅವಳಷ್ಟು ನಗುವವರು ಆ ಮಗ್ಗದ ಸಾಲಿನಲ್ಲೇ ಇರಲಿಲ್ಲವಂತೆ. ಪಟ್ಟಿ ಅಂದರೆ ಲಂಗಕ್ಕೆ ಹೊಲಿಯುವ ಪಟ್ಟಿ ಅಲ್ಲ ಮತ್ತೆ! ಎರಡು ಬೆರಳಗಲದ, ಪಾಲಿಯೆಸ್ಟರ್ ನೂಲಿನಲ್ಲಿ ಗಟ್ಟಿಯಾಗಿ ನೇಯ್ದ ಬಿಳಿ ಪಟ್ಟಿ. ಹಡಗಿನಲ್ಲಿ ಹೋಗುವ ಯಂತ್ರ, ಮರದ ಪೆಟ್ಟಿಗೆ, ಪೀಪಾಯಿ ಎಲ್ಲವನ್ನೂ ಅಲ್ಲಾಡದ ಹಾಗೆ ಬಿಗಿಯುವುದು ಇದರಲ್ಲೇ. ತಾನು ನೇಯ್ದ ಪಟ್ಟಿ ಹಡಗಿನಲ್ಲಿ ಏನು ಮಾಡುತ್ತದೆ ಅಂತ ನೋಡುವ ಆಸೆಯಿಂದಲೇ ಅವಳು ಬಂದರಿನ ಕೆಲಸಕ್ಕೆ ಅರ್ಜಿ ಹಾಕಿದ್ದು. ನೋಡಿದಳು. ನೋಡಿದ ದಿನದಿಂದ ತಲೆ ಚಚ್ಚಿಕೊಳ್ಳುತ್ತಲೇ ಇದ್ದಾಳೆ.

ಯಾಕೆಂದರೆ ಅಲ್ಲಿ ಜನ ಪಟ್ಟಿಗೆ ಗಂಟು ಹಾಕುತ್ತಿದ್ದರು!

ಗಂಟು ಹಾಕಿದರೆ ಪಟ್ಟಿಯ ಅರ್ಧ ಶಕ್ತಿ ಅಲ್ಲೇ ಹೋಯಿತು ಅಂತ ನೇಯ್ದವಳಿಗೆ ಗೊತ್ತು, ಕಟ್ಟುವವರಿಗೆ ಗೊತ್ತಿಲ್ಲ. ಅದಕ್ಕೇ ಅಲ್ಲವೇ ಬಕಲ್ ಅಂತ ಒಂದು ಇರುವುದು? ದಪ್ಪ ತಂತಿ ಬಗ್ಗಿಸಿ ಮಾಡಿದ ಅಂಗೈಯಗಲದ ಕೊಂಡಿ ಅದು. ಪಟ್ಟಿಯ ಎರಡು ತುದಿಯನ್ನೂ ಕುಣಿಕೆ ಮಾಡಿ ಅದರೊಳಗೆ ತೂರಿಸಿ, ಟೆನ್ಷನರ್ ಅನ್ನುವ ಕೈಯಂತ್ರ ಹಾಕಿ ಎಳೆದರೆ, ಪಟ್ಟಿ ತನ್ನ ಮೇಲೆ ತಾನೇ ಕೂತು ಕಚ್ಚಿಕೊಳ್ಳುತ್ತದೆ. ಹೊರೆ ಎಳೆದಷ್ಟೂ ಹಿಡಿತ ಜಾಸ್ತಿ. ತೂರಿಸುವಾಗ ಮೇಲಿನದು ಕೆಳಗಾದರೆ ಮಾತ್ರ ಕೆಲಸ ಕೆಟ್ಟಿತು. ದೂರದಿಂದ ನೋಡಲು ಎರಡೂ ಒಂದೇ ಥರ ಕಾಣುತ್ತದೆ, ಎಳೆದರೆ ಸರ್ರಂತ ಬಿಟ್ಟುಕೊಂಡು ಬರುತ್ತದೆ.

ಸರಿ ಕಟ್ಟಿದ್ದು ಯಾವುದು, ತಪ್ಪು ಕಟ್ಟಿದ್ದು ಯಾವುದು ಅಂತ ತಿಳಿಯಲು ಅಕ್ಕ ತನ್ನದೇ ಒಂದು ಉಪಾಯ ಇಟ್ಟುಕೊಂಡಿದ್ದಳು. ಪಟ್ಟಿ ಬಿಗಿದ ಕೂಡಲೇ ಬಕಲ್ಲಿನ ಬಾಯಿಗೆ ಸರಿಯಾಗಿ, ದರ್ಜಿಗಳು ಬಳಸುವ ನೀಲಿ ಚಾಕಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆಯುವುದು. ಎರಡು ಮೂರು ಗಂಟೆ ಬಿಟ್ಟು ಬಂದು ನೋಡುವುದು. ಗೆರೆ ಬಕಲ್ಲಿಗೆ ಅಂಟಿಕೊಂಡೇ ಇದ್ದರೆ ಸರಿ. ದೂರ ಹೋಗಿದ್ದರೆ ಪಟ್ಟಿ ಜಾರಿದೆ ಅಂತ. ಅಷ್ಟೇ. ಮಗ್ಗದಲ್ಲಿ ನೂಲು ಜಾರಿದ್ದನ್ನು ಹಿಡಿಯಲು ಹೀಗೇ ಮಾಡುತ್ತಿದ್ದರಂತೆ. ಬಂದರಿನ ಗಂಡಸರಿಗೆ ಇದು ದೊಡ್ಡ ತಮಾಷೆ. "ಅಕ್ಕ ಬಂದ್ಳು, ಬೆನ್ನು ತೋರಿಸ್ಬೇಡ್ರೋ, ನಿಮ್ಗೂ ಗೆರೆ ಎಳೀತಾಳೆ" ಅಂತ ಕೂಗುತ್ತಿದ್ದರು. ಹೆಸರು ನಿಂತೇಬಿಟ್ಟಿತು.

ಮನೆಯಲ್ಲೂ ಇದೇ ಕತೆ. ಗಂಡ ಶಾಲೆಯ ವ್ಯಾನ್ ಓಡಿಸುತ್ತಾನೆ, ಮಾತು ಕಮ್ಮಿ. ಅತ್ತೆ ಅವನ ಪಾಲಿನದನ್ನೂ ಸೇರಿಸಿ ಆಡುತ್ತಾಳೆ. ಎರಡೇ ಕೋಣೆಯ ಮನೆ, ಆದರೆ ಬೀರು ಗೋಡೆಗೆ ಬಿಗಿದಿದೆ, ನೀರಿನ ಡ್ರಮ್ಮು ಕಂಬಕ್ಕೆ ಬಿಗಿದಿದೆ. ಪಕ್ಕದ ಮನೆಯವರು ಬಾಡಿಗೆ ಮನೆ ಖಾಲಿ ಮಾಡಿದ ದಿನ, ಹೊರಟು ನಿಂತಿದ್ದ ಟೆಂಪೋ ನಿಲ್ಲಿಸಿ, ಅಷ್ಟೂ ಹಗ್ಗ ಬಿಚ್ಚಿಸಿ, ಮಂಚ ಕುರ್ಚಿ ಎಲ್ಲ ಮತ್ತೆ ಕಟ್ಟಿಸಿದ್ದಳು ಅಕ್ಕ. "ಇವ್ಳ ಕೈಗೆ ಸಿಕ್ಕಿದ್ರೆ ನನ್ನನ್ನೂ ಮಂಚಕ್ಕೆ ಕಟ್ಟಿ ಗೆರೆ ಎಳೀತಾಳೆ" ಅಂತ ಅತ್ತೆ ಓಣಿಗೆಲ್ಲ ಸಾರಿದ್ದಳು.

"ನೀವು ಜಾರೋ ಪೈಕಿ ಅಲ್ಲ ಬಿಡಿ ಅತ್ತೆ," ಅಂದಿದ್ದಳು ಅಕ್ಕ. ಆಗಿನ್ನೂ ನಗುತ್ತಿದ್ದಳು.

ಈಗ ವಿಷಯಕ್ಕೆ ಬರೋಣ. ಸರಕು ಕಟ್ಟಿದ್ದನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಅವಳನ್ನು ಆರು ತಿಂಗಳ ಮಟ್ಟಿಗೆ ಹಾಕಿದ್ದರು. ಅವಳ ಸಹಿ ಇಲ್ಲದೆ, ಹಡಗು ಬಂದು ನಿಲ್ಲುವ ದಕ್ಕೆಯಿಂದ ಸರಕು ಮೇಲೆ ಹತ್ತುವಂತಿಲ್ಲ. ಆರು ತಿಂಗಳು ಸರಿಯಾಗಿ ಕಳೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಗೋಡೌನಿನ ಹಿಂದೆ ಪಟ್ಟಿ ಕತ್ತರಿಸುವ ಮೇಜು. ಹಡಗಿನ ಮೇಲೆ ಮತ್ತೆ ಕಾಲಿಡುವ ಹಾಗಿಲ್ಲ. ಐದೂವರೆ ತಿಂಗಳಲ್ಲಿ ಅವಳಿಂದ ಎರಡು ಹಡಗು ತಡವಾಗಿದ್ದವು. ಒಂದು ಸಲ ಕಬ್ಬಿಣದ ಚೂಪು ಅಂಚಿನ ಮೇಲೆ ಮೂಲೆಗೆ ಇಡುವ ರಕ್ಷೆ ಇಡದೆ ಪಟ್ಟಿ ಬಿಗಿದಿದ್ದರು. ಇನ್ನೊಂದು ಸಲ ಅದೇ ಹಾಳು ಗಂಟು. ಎರಡು ಸಲವೂ ಅವಳು ಸಹಿ ಹಾಕಲಿಲ್ಲ, ಎರಡು ಸಲವೂ ಬಿಚ್ಚಿ ಕಟ್ಟಿಸಿದಳು. ಸೂಪರ್‌ವೈಸರ್ ಕರೆದು ಹೇಳಿಯೂ ಆಗಿತ್ತು: "ನೋಡಮ್ಮ, ಎರಡು ಆಯ್ತು. ಮೂರನೇದು ಆಗ್ಬಾರ್ದು. ಆದ್ರೆ ನಾನೇನೂ ಮಾಡಕ್ಕಾಗಲ್ಲ, ಮೇಜೇ ಗತಿ."

ಕೊನೆಯ ಹದಿನೈದು ದಿನ ಹೇಗೋ ತಳ್ಳಿದರೆ ಸಾಕಾಗಿತ್ತು. ಪಾಪ, ಅವಳೂ ತಳ್ಳುತ್ತಲೇ ಇದ್ದಳು.

ಆ ದಿನ ಎಂಟು ಜನರೇಟರ್ ಹೋಗಬೇಕಿತ್ತು. ಒಂದೊಂದೂ ಮರಿಯಾನೆಯಷ್ಟಿದೆ. ಪಕ್ಕದ ಗೋಡೆ, ಚಾವಣಿ ಯಾವುದೂ ಇಲ್ಲದ ಚಪ್ಪಟೆ ಕಂಟೇನರಿನ ಮೇಲೆ ಒಂದೊಂದನ್ನೂ ಕೂರಿಸಿ, ಎಂಟೆಂಟು ಪಟ್ಟಿಯಲ್ಲಿ ಬಿಗಿಯಬೇಕು. ಅರವತ್ತನಾಲ್ಕು ಪಟ್ಟಿ, ಅರವತ್ತನಾಲ್ಕು ಬಕಲ್. ಮೇಸ್ತ್ರಿ ಮತ್ತು ಅವನ ಗ್ಯಾಂಗಿನ ಆರು ಜನ ಬೆಳಿಗ್ಗೆ ಆರಕ್ಕೇ ಶುರು ಮಾಡಿದ್ದರು. ಅಕ್ಕ ಪಕ್ಕದಲ್ಲೇ ನಿಂತು ಒಂದೊಂದು ತೂರಿಸುವುದನ್ನೂ ಕಣ್ಣಾರೆ ನೋಡಿದಳು. ಮೂಲೆಗೆಲ್ಲ ರಕ್ಷೆ ಇತ್ತು. ಎಲ್ಲೂ ಗಂಟಿಲ್ಲ. ಬಕಲ್ಲಿನಾಚೆ ಗೇಣುದ್ದ ಬಾಲ ಬಿಟ್ಟೇ ಕತ್ತರಿಸಿದ್ದರು.

"ಹೇಗಿದೆ ಅಕ್ಕ?" ಅಂದ ಮೇಸ್ತ್ರಿ, ಸೊಂಟದ ಮೇಲೆ ಕೈಯಿಟ್ಟು.

"ಮೊದಲ್ನೇ ಸಲ ಬೈಯೋಕೆ ಏನೂ ಸಿಕ್ತಿಲ್ಲ."

"ಹುಡುಕು ಹುಡುಕು, ಸಿಗುತ್ತೆ. ನಿಂಗೆ ಅನ್ನ ಅರಗೋದು ಹೆಂಗೆ ಇಲ್ದಿದ್ರೆ?"

ಅವಳು ಅರವತ್ತನಾಲ್ಕು ಗೆರೆ ಎಳೆದಳು. ಟ್ರ್ಯಾಕ್ಟರುಗಳು ಕಂಟೇನರುಗಳನ್ನು ಎಳೆದುಕೊಂಡು, ರೈಲು ಹಳಿಗಳ ಮೇಲೆ ಧಡಕ್ ಧಡಕ್ ಅಂತ ಕುಲುಕಿಸುತ್ತಾ ದಕ್ಕೆಗೆ ಒಯ್ದವು. ಹತ್ತು ಗಂಟೆಗೆ ಕ್ರೇನು ಕೊಕ್ಕೆ ಇಳಿಸುವ ಮುಂಚೆ ಕೊನೆಯ ಸಲ ನೋಡಿ ಸಹಿ ಹಾಕಿದರೆ ಅವತ್ತಿನ ಕೆಲಸ ಮುಗಿದ ಹಾಗೆ.

ಮೊದಲನೆಯ ಗೆರೆ ಜಾರಿತ್ತು.

ಅರ್ಧ ಬೆರಳಿನಷ್ಟು ಅಷ್ಟೇ. ಎರಡನೆಯದೂ ಜಾರಿತ್ತು. ಮೂರನೆಯದು ಇನ್ನೂ ಸ್ವಲ್ಪ ಜಾಸ್ತಿ. ಅಕ್ಕನಿಗೆ ರೇಗಿತು. "ಏನ್ರಯ್ಯಾ ಮಾಡಿದ್ದೀರಿ? ನನ್ನ ಕಣ್ಣೆದುರಿಗೇ ಉಲ್ಟಾ ತೂರಿಸಿದ್ರಾ? ನಾನೇನು ಕತ್ತೆ ಕಾಯ್ತಿದ್ನಾ?" ಅಂತ ದಕ್ಕೆ ಹಾರಿಹೋಗುವ ಹಾಗೆ ಕೂಗಿದಳು.

ಮೇಸ್ತ್ರಿ ಟೆನ್ಷನರ್ ಹಾಕಿ ಒಂದು ಪಟ್ಟಿ ಸಡಿಲ ಮಾಡಿ, ಬಕಲ್ ಬಿಚ್ಚಿ, ತೂರಿಸಿದ್ದ ರೀತಿಯನ್ನು ಅವಳ ಮೂಗಿನ ಮುಂದೆ ಹಿಡಿದ. ಸರಿಯಾಗೇ ಇತ್ತು.

"ಐದೂವರೆ ತಿಂಗ್ಳು ನೀನು ಹೇಳಿದ್ದು ಕೇಳಿ ಕೇಳಿ, ಇವತ್ತು ಒಂದೂ ತಪ್ಪಿಲ್ದೆ ಕಟ್ಟಿದ್ದೀವಿ," ಅಂದ ಅವನು. "ಇವತ್ತೂ ಬೈಗುಳವೇ. ತಪ್ಪು ಮಾಡಿದ್ರೂ ಬೈತೀಯ, ಮಾಡ್ದಿದ್ರೂ ಬೈತೀಯ. ಇನ್ನು ಗಂಟೇ ಹಾಕ್ತೀವಿ ಬಿಡು, ಬೈಸ್ಕೊಂಡಿದ್ದಕ್ಕೆ ಅರ್ಥನಾದ್ರೂ ಇರುತ್ತೆ."

ಅಕ್ಕನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡಲೂ ಟೈಮಿಲ್ಲ ನೋಡಿ! ಸರಿಯಾಗಿ ಕಟ್ಟಿದ್ದರೆ ಜಾರಿದ್ದು ಯಾಕೆ? ಬಕಲ್ಲನ್ನು ಅವನ ಕೈಯಿಂದ ಕಸಿದುಕೊಂಡಳು. ಬೆರಳು ನುಣ್ಣಗೆ ಸರಿಯಿತು. ಬೆಳಿಗ್ಗೆ ತೂರಿಸುವುದನ್ನು ನೋಡಿದ್ದಳೇ ಹೊರತು ಬಕಲ್ಲನ್ನು ಮುಟ್ಟಿರಲಿಲ್ಲ. ಬಂದರಿಗೆ ಬರುವ ಬಕಲ್ಲುಗಳು ಬೂದು ಬಣ್ಣದವು, ಮುಟ್ಟಿದರೆ ಸೀಮೆಸುಣ್ಣದ ಹಾಗೆ ತರಿತರಿ. ಬೇಕೂಂತಲೇ ಹಾಗೆ ಮಾಡಿರುತ್ತಾರೆ, ಪಟ್ಟಿಗೆ ಹಿಡಿತ ಸಿಗಲಿ ಅಂತ. ಇದು ಮಾತ್ರ ಬಾಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿದೆ. ಮೂಗಿಗೆ ಹಿಡಿದು ನೋಡಿದಳು.

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ!

ಬಕಲ್ಲುಗಳು ಬರುವುದು ಸ್ಟೋರಿನಿಂದ, ಗೋಡೌನಿನ ಹಿಂದಿನ ಒಂದು ತಗಡಿನ ಕೋಣೆ ಅದು. ಅದನ್ನು ನೋಡಿಕೊಳ್ಳುವವನು ಸ್ಟೋರ್ ಮಾವ, ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ. ಎಲ್ಲರೂ ಅವನನ್ನು ಮಾವ ಅಂತಲೇ ಕರೆಯುವುದು. ಒಂದು ನಟ್ಟು ನೆಲಕ್ಕೆ ಬಿದ್ದರೂ ಎತ್ತಿ, ಒರೆಸಿ, ಅದರ ಜಾಗದಲ್ಲೇ ಇಡುವ ಮನುಷ್ಯ. ಅಕ್ಕ ಏದುಸಿರು ಬಿಡುತ್ತಾ ಬಂದು ಬಕಲ್ ಮೇಜಿನ ಮೇಲೆ ಕುಕ್ಕಿದಾಗ ಅವನ ಮುಖ ಅರಳಿತು.

"ಗೊತ್ತಾಯ್ತಾ ನಿಂಗೆ? ನೀನೊಬ್ಳಾದ್ರೂ ಗಮನಿಸ್ತೀಯ ಅಂತ ಅಂದ್ಕೊಂಡಿದ್ದೆ ಕಣಮ್ಮ!"

"ಏನು ಮಾಡಿದ್ರಿ ಮಾವ ಇದಕ್ಕೆ?"

"ಅಯ್ಯೋ, ಕಡಲ ಗಾಳಿಗೆ ತುಕ್ಕು ಹಿಡೀತಾ ಇತ್ತು. ನೋಡಕ್ಕಾಗ್ಲಿಲ್ಲ. ಮೂರು ದಿನ ಕೂತು ಒಂದೊಂದನ್ನೂ ಎಣ್ಣೇಲಿ ಅದ್ದಿ, ಬಟ್ಟೇಲಿ ಒರೆಸಿ ಇಟ್ಟಿದ್ದೀನಿ. ಮನೆಯಿಂದ ತಂದಿದ್ದು ಎಣ್ಣೆ. ನಮ್ಮನೆಯವ್ಳ ಹೊಲಿಗೆ ಮಿಷಿನ್ನಿಂದು."

ಅಕ್ಕನಿಗೆ ಬೈಯಲು ಬಾಯಿ ಬರಲಿಲ್ಲ. ಸೋಮಾರಿಗೆ ಬೈಯಬಹುದು, ಕಳ್ಳನಿಗೆ ಬೈಯಬಹುದು. ಮೂರು ದಿನ ಬೆನ್ನು ಬಗ್ಗಿಸಿ ಉಪಕಾರ ಮಾಡಿದವನಿಗೆ ಏನಂತ ಬೈಯುವುದು?

"ಎಲ್ಲದಕ್ಕೂ ಹಾಕಿದ್ರಾ ಮಾವ?"

ಅವನ ಮುಖ ಸಣ್ಣದಾಯಿತು. "ಕ್ಷಮಿಸು ಕಣಮ್ಮ. ಎಣ್ಣೆ ಮುಗಿದುಹೋಯ್ತು. ಒಂದು ಪೆಟ್ಟಿಗೆ ಹಾಗೇ ಉಳ್ಕೊಂಡಿದೆ, ಮೇಜಿನ ಕೆಳಗೆ. ನಾಳೆ ತಂದು ಅದಕ್ಕೂ ಹಾಕ್ತೀನಿ..."

"ಬೇಡ! ಅದನ್ನ ಮುಟ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಹಾಗೇ ಬಿಡಿ!"

ಸ್ಟೋರ್ ಮಾವ ಹೆದರಿ ಕಾಲು ಮೇಲೆತ್ತಿಕೊಂಡು ಕೂತ.

ಅವಳು ವಾಪಸ್ ಬರುವಷ್ಟರಲ್ಲಿ ಸೂಪರ್‌ವೈಸರ್ ದಕ್ಕೆಯಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದ. ಹಡಗು ಒಂದು ಗಂಟೆಗೆ ಹೊರಡಬೇಕು. ಕ್ರೇನು ಕಾಯುತ್ತಿದೆ.

"ಸಹಿ," ಅಂದ ಅವನು, ಹಲಗೆಗೆ ಸಿಕ್ಕಿಸಿದ ಕಾಗದ ಚಾಚಿ.

"ಬಕಲ್ಲಿಗೆಲ್ಲ ಎಣ್ಣೆ ಬಿದ್ದಿದೆ ಸಾರ್. ಪಟ್ಟಿ ಜಾರ್ತಿದೆ."

"ಎಷ್ಟು?"

"ಅರ್ಧ ಬೆರಳು. ಕೆಲವು ಮುಕ್ಕಾಲು."

ಸೂಪರ್‌ವೈಸರ್ ನಕ್ಕೇಬಿಟ್ಟ. "ಅರ್ಧ ಬೆರಳಿಗೆ ಹಡಗು ನಿಲ್ಲಿಸ್ತೀಯಾ? ನನ್ನ ಬೆಲ್ಟೇ ಊಟ ಆದ್ಮೇಲೆ ಅದಕ್ಕಿಂತ ಜಾಸ್ತಿ ಜಾರುತ್ತೆ."

ಸುತ್ತಲಿದ್ದವರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ, ಅವನು ನೆಲ ನೋಡುತ್ತಿದ್ದ.

"ಕಟ್ಟಿದ ಜಾಗದಿಂದ ಇಲ್ಲಿಗೆ ನಾನ್ನೂರು ಹೆಜ್ಜೆ ಸಾರ್. ನೆಲದ ಮೇಲೆ. ನಾನ್ನೂರು ಹೆಜ್ಜೆಗೇ ಅರ್ಧ ಬೆರಳು. ಇನ್ನು ಒಂಬತ್ತು ದಿನ ಹಗಲೂ ರಾತ್ರಿ ಹಡಗು ಹೊರಳಾಡ್ತಿದ್ರೆ? ಒಂದು ಮಿಷಿನ್ ಸಡಿಲ ಆದ್ರೆ ಸಾಕು, ಪಕ್ಕದ್ದನ್ನೂ ಕೆಡವುತ್ತೆ. ಕೆಳಗೆ ಜನ ಓಡಾಡ್ತಿರ್ತಾರೆ."

"ಬಾಲಕ್ಕೊಂದೊಂದು ಗಂಟು ಹಾಕ್ಸು. ಗಂಟು ಬಕಲ್ ಹತ್ರ ಬಂದು ತಡ್ಕೊಳುತ್ತೆ. ಹತ್ತು ನಿಮಿಷದ ಕೆಲ್ಸ."

"ಗಂಟು ಬಕಲ್ ತನಕ ಬರೋಷ್ಟರಲ್ಲಿ ಗೇಣುದ್ದ ಸಡಿಲ ಆಗಿರುತ್ತೆ ಸಾರ್! ಬಾಗಿಲು ಮುರಿದ್ಮೇಲೆ ಚಿಲಕ ಹಾಕಿದ ಹಾಗೆ!"

"ಒರೆಸಿ ಮತ್ತೆ ಬಿಗೀರಿ ಹಾಗಾದ್ರೆ."

"ಪಟ್ಟಿ ಎಣ್ಣೆ ಕುಡಿದಿದೆ. ಬಕಲ್ ಒರೆಸಿದ್ರೆ ಪಟ್ಟೀನ ಏನು ಹಿಂಡೋದಾ?"

ಸೂಪರ್‌ವೈಸರ್ ನಗು ನಿಲ್ಲಿಸಿದ. ಅವನೇನೂ ಕೆಟ್ಟ ಮನುಷ್ಯ ಅಲ್ಲ, ಅದೂ ಹೇಳಿಬಿಡಬೇಕು. ಅವನ ಮೇಲೂ ಫೋನಿನಲ್ಲಿ ಕೂಗುವವರಿದ್ದರು. ಅವಳ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ: "ಹದಿನಾಲ್ಕು ದಿನ ಉಳಿದಿದೆ ಕಣಮ್ಮ ನಿಂಗೆ. ಹದಿನಾಲ್ಕೇ ದಿನ. ಇವತ್ತಿಗೆ ಕಣ್ಣು ಮುಚ್ಕೊಂಡು ಒಂದು ಸಹಿ ಹಾಕು, ನಾಳೆಯಿಂದ ನಿಂಗಿಷ್ಟ ಬಂದಷ್ಟು ಗೆರೆ ಎಳಿ. ಹಾಕ್ದಿದ್ರೆ ಮೂರನೇದು ಅಂತ ಬರೀಲೇಬೇಕು ನಾನು."

ಅಕ್ಕ ಕಾಗದ ತೆಗೆದುಕೊಂಡಳು. ಪೆನ್ನೂ ತೆಗೆದುಕೊಂಡಳು. ಅತ್ತೆಯ ನೆನಪಾಯಿತು, ಖಾಯಂ ಆದ ದಿನ ಹೊಸ ಚಪ್ಪಲಿ ಕೊಡಿಸ್ತೀನಿ ಅಂತ ಮಗಳಿಗೆ ಕೊಟ್ಟ ಮಾತು ನೆನಪಾಯಿತು, ಕಬ್ಬಿಣದ ಏಣಿ ಹತ್ತಿ ಹಡಗಿನ ಮೇಲೆ ಮೊದಲ ಸಲ ನಿಂತಾಗ ತಾನು ನೇಯ್ದ ಪಟ್ಟಿಯನ್ನು ಮುಟ್ಟಿ ನೋಡಿದ್ದೂ ನೆನಪಾಯಿತು. ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

"ಬರ್ಕೊಳ್ಳಿ ಸಾರ್," ಅಂದಳು.

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. ಇದು ಸಹಿ ಹಾಕದೇ ಇರುವುದಕ್ಕಿಂತ ಕಷ್ಟ ಅನ್ನಿಸಿತಂತೆ ಅವಳಿಗೆ. "ನಿಮ್ದೇನೂ ತಪ್ಪಿಲ್ಲ. ನಾನು ಸುಮ್ನೆ ಕೂಗಾಡ್ದೆ. ಆದ್ರೂ ಬಿಚ್ಬೇಕು. ಅರವತ್ತನಾಲ್ಕೂ."

ಮೇಸ್ತ್ರಿ ತಲೆ ಕೆರೆದುಕೊಂಡ. "ಟೆನ್ಷನ್ ತಗೋಬೇಡ ಅಕ್ಕ," ಅಂದು, ಕೈಯಂತ್ರವನ್ನು ಅವಳ ಕೈಗೇ ತುರುಕಿದ. "ಇವತ್ತು ನೀನೂ ಎಳಿ. ಕೂಗೋಷ್ಟು ಸುಲಭ ಅಲ್ಲ ಅಂತ ಗೊತ್ತಾಗ್ಲಿ."

ಎಳೆದಳು! ಊಟದ ಡಬ್ಬಿ ಯಾರೂ ತೆರೆಯಲಿಲ್ಲ. ಹಳೆಯದನ್ನು ಕತ್ತರಿಸುವಾಗ ಎಲ್ಲರೂ ಪಕ್ಕಕ್ಕೆ ನಿಲ್ಲಬೇಕು, ಬಿಗಿದ ಪಟ್ಟಿ ತುಂಡಾದರೆ ಚಾಟಿಯ ಹಾಗೆ ಮುಖಕ್ಕೇ ಬರುತ್ತದೆ. ಯಾರೋ ಅವಸರದಲ್ಲಿ ಎದುರಿಗೇ ನಿಂತು ಚಾಕು ಎತ್ತಿದ, ಅಕ್ಕ ಅವನ ಅಂಗಿ ಹಿಡಿದು ಎಳೆದಳು. ಒಂದು ಸಲಕ್ಕೆ ಒಂದೇ ಪಟ್ಟಿ ಬಿಚ್ಚಿ, ಅದರ ಜಾಗಕ್ಕೆ ಹೊಸದು ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು ಅಂತ ಹಠ ಹಿಡಿದಳು. ಅಂಗೈಯಲ್ಲಿ ಬೊಬ್ಬೆ ಬಂತು. ಎಣ್ಣೆ ಮುಟ್ಟದ ಪೆಟ್ಟಿಗೆಯನ್ನು ಸ್ಟೋರ್ ಮಾವನೇ ಹೊತ್ತು ತಂದ, ಆದರೆ ಯಾರ ಮುಖವನ್ನೂ ನೋಡಲಿಲ್ಲ. ತನ್ನ ಮೂರು ದಿನದ ಕೆಲಸ ತುಂಡು ತುಂಡಾಗಿ ನೆಲಕ್ಕೆ ಬೀಳುವುದನ್ನು ಅವನು ಗೋಡೆಗೊರಗಿ ನೋಡುತ್ತಾ ನಿಂತಿದ್ದ. ಅಕ್ಕನಿಗೆ ಅವನ ಹತ್ತಿರ ಹೋಗಿ ಎರಡು ಮಾತಾಡಬೇಕು ಅನ್ನಿಸಿತು. ಆದರೆ ಕೈ ಬಿಡುವಿರಲಿಲ್ಲ.

ಟ್ರ್ಯಾಕ್ಟರಿಗೆ ಹೇಳಿ ಎಂಟನ್ನೂ ಅದೇ ಹಳಿಗಳ ಮೇಲೆ ಇನ್ನೊಂದು ಸುತ್ತು ಹೊಡೆಸಿದಳು. ಒಂದೂ ಗೆರೆ ಅಲ್ಲಾಡಲಿಲ್ಲ. ಸಹಿ ಹಾಕಿದಳು. ಹಡಗು ಹೊರಟಾಗ ನಾಲ್ಕೂಮುಕ್ಕಾಲು.

ಈಗ ನೀವೇ ಹೇಳಿ, ಇಂಥ ಕತೆಯಲ್ಲಿ ಮುಂದೇನಾಗಬೇಕು? ದೊಡ್ಡ ಬಿರುಗಾಳಿ ಬರಬೇಕು, ಎಲ್ಲ ಹಡಗಿನ ಸರಕೂ ಉರುಳಬೇಕು, ಇವಳು ಕಟ್ಟಿಸಿದ್ದು ಮಾತ್ರ ಕದಲದೆ ನಿಲ್ಲಬೇಕು, ಎಲ್ಲರೂ ಬಂದು ಚಪ್ಪಾಳೆ ತಟ್ಟಬೇಕು, ಅಲ್ವಾ? ಏನೂ ಆಗಲಿಲ್ಲ! ಕಡಲು ಹಾಲಿನ ಹಾಗಿತ್ತಂತೆ. ಒಂಬತ್ತನೇ ದಿನ ಆ ಕಡೆಯಿಂದ ಒಂದು ಸಾಲಿನ ಸುದ್ದಿ ಬಂತು, ಸರಕು ಸರಿಯಾಗಿದೆ ಅಂತ.

"ನೋಡಿದ್ಯಾ," ಅಂದ ಸೂಪರ್‌ವೈಸರ್, ಆ ಕಾಗದ ತೋರಿಸಿ. "ಏನೂ ಆಗ್ಲಿಲ್ಲ. ಸುಮ್ನೆ ತಡ ಮಾಡಿದೆ."

"ಏನೂ ಆಗ್ಬಾರ್ದು ಅಂತಾನೇ ಅಲ್ವಾ ಸಾರ್ ಕಟ್ಟಿದ್ದು?"

"ಅರ್ಧ ಬೆರಳು ಜಾರಿದ್ರೂ ಏನೂ ಆಗ್ತಿರ್ಲಿಲ್ವೇನೋ. ಯಾರಿಗೆ ಗೊತ್ತು?"

ಅದೇ ನೋಡಿ ಅವಳ ಹೊಟ್ಟೆ ಉರಿಸಿದ್ದು. ಯಾರಿಗೂ ಗೊತ್ತಿಲ್ಲ! ಅವಳಿಗೂ ಗೊತ್ತಿಲ್ಲ. ಬಿದ್ದ ಯಂತ್ರವನ್ನು ತೋರಿಸಬಹುದು, ಬೀಳದೇ ಇದ್ದ ಯಂತ್ರವನ್ನು ಯಾರಿಗೆ ತೋರಿಸುವುದು? ಮನೆಗೆ ಬಂದು, ಬೀರುವಿಗೆ ಬಿಗಿದ ಪಟ್ಟಿಯನ್ನೇ ದಿಟ್ಟಿಸುತ್ತಾ ಕೂತಳು. ಅತ್ತೆ ಎದುರಿಗೆ ಬಂದು ಕೂತಳು.

"ಒಂದು ಮಿಷಿನ್ ಬೀಳಕ್ಕೆ ಬಿಡ್ಬೇಕಿತ್ತು ಕಣೇ ನೀನು. ಆಗ ನಂಬೋರು."

"ಅತ್ತೆ, ಕೆಳಗೆ ಜನ ಇರ್ತಾರೆ."

"ಅದಕ್ಕೇ ಹೇಳಿದ್ದು, ನಿನ್ನ ಕೈಲಿ ಆಗಲ್ಲ ಅಂತ. ಏಳು, ತಟ್ಟೆ ಹಾಕ್ತೀನಿ." ಅಷ್ಟಂದು ಮುದುಕಿ ಒಳಗೆ ಹೋದವಳು ಸೂಪರ್‌ವೈಸರನ ಏಳು ತಲೆಮಾರನ್ನೂ ಸೇರಿಸಿ ಬೈಯುತ್ತಾ ಬಡಿಸಿದಳಂತೆ. ಗಂಡ ಅವಳ ಇನ್ನೂ ಮಾಯದ ಅಂಗೈಗೆ ಮುಲಾಮು ಹಚ್ಚಿದ. ಮಗಳು ಹಳೇ ಚಪ್ಪಲಿಯೇ ಚೆನ್ನಾಗಿದೆ ಅಂದಳು. ಆ ಮಾತಿಗೆ ಅಕ್ಕ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು.

ಹದಿನಾಲ್ಕು ದಿನ ಮುಗಿಯಿತು, ಮೇಜು ಬಂತು. ಈಗ ಅವಳು ಸ್ಟೋರ್ ಮಾವನ ತಗಡಿನ ಕೋಣೆಯಲ್ಲೇ ಕೂತು ಪಟ್ಟಿ ಕತ್ತರಿಸುತ್ತಾಳೆ. ಅವಳ ಜಾಗಕ್ಕೆ ಬಂದವನು ಏಣಿ ಹತ್ತುವುದೇ ಇಲ್ಲ, ಕೆಳಗೆ ನಿಂತೇ ಸಹಿ ಹಾಕಿ ಕಳಿಸುತ್ತಾನೆ. ಅದು ಕಿಟಕಿಯಿಂದ ಕಾಣುತ್ತದೆ, ಅದಕ್ಕೇ ಅವಳು ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಮೊದಲ ಒಂದು ವಾರ ಮಾವ ಅವಳ ಹತ್ತಿರ ಮಾತು ಬಿಟ್ಟಿದ್ದ. ಈಗ ಇಬ್ಬರೂ ದಿನವಿಡೀ ಜಗಳ: ತುಕ್ಕು ಹಿಡಿದ ಬಕಲ್ಲನ್ನು ಬಿಸಾಡಬೇಕು ಅಂತ ಇವಳು, ಉಜ್ಜಿದರೆ ಬಳಸಬಹುದು ಅಂತ ಅವನು. ಮೇಸ್ತ್ರಿ ಆಗಾಗ ಒಂದು ಬಕಲ್ ಹಿಡಿದು ಬಂದು "ಇದು ಸರೀನಾ ನೋಡು" ಅಂತ ಕೇಳುತ್ತಾನೆ. ಯಾರೂ ಅವನಿಗೆ ಕೇಳು ಅಂತ ಹೇಳಿಲ್ಲ.

ನೀವೂ ಒಮ್ಮೆ ಹೋಗಿ, ನಿಜವಾಗ್ಲೂ. ಸರಕಿನ ಗೇಟಿನಿಂದ ಒಳಗೆ ಹೋದರೆ ಲಾರಿ ತೂಗುವ ವೇಬ್ರಿಡ್ಜು, ಅದನ್ನು ದಾಟಿ ಎಡಕ್ಕೆ ನಾಲ್ಕನೇ ಗೋಡೌನು, ಅದರ ಹಿಂದೆ. ಮಧ್ಯಾಹ್ನದ ಸೈರನ್ ಆಗುವ ಮುಂಚೆ ಹೋದರೆ ಒಳ್ಳೇದು. ಮೊದಲು ಮುಖ ಸಿಂಡರಿಸುತ್ತಾಳೆ, ಏನ್ರೀ ಬೇಕು ಅಂತ ಗದರುತ್ತಾಳೆ, ಹಿಂದೆ ಸರಿಯಬೇಡಿ. ಬಕಲ್ ಹಾಕೋದು ಹೇಗೆ ತೋರಿಸ್ತೀರಾ ಅಂತ ಕೇಳಿ, ಸಾಕು. ಮಾವ ಸ್ಟೂಲು ಕೊಡುತ್ತಾನೆ. ಹೋಗಿ, ಅವಳ ಹತ್ತಿರ ಮಾತಾಡಿ ಬನ್ನಿ.